ಬಿಚ್ಚಿ ಕಟ್ಟುವುದೋ, ಬದಲಿಸುವುದೋ?

ಮೋಟಾರ್ ಸೈಕಲ್ಲಿನ ಚರಿತ್ರೆಯೆಂದರೆ ಎಂಜಿನ್ನಿನ ಚರಿತ್ರೆ ಎಂದು ಹಲವರ ಎಣಿಕೆ. ಸವಾರನ ಬೆನ್ನೆಲುಬನ್ನು ಕೇಳಿದರೆ ಅದು ಬೇರೆಯೇ ಕಥೆ ಹೇಳೀತು. ಆ ಕಥೆಯ ನಾಯಕ ಹಿಂಚಕ್ರದ ಇಕ್ಕೆಲಗಳಲ್ಲಿ ನಿಂತ ಶಾಕ್ ಅಬ್ಸಾರ್ಬರ್.

ಕಳೆದ ಶತಮಾನದ ಮೊದಲ ದಶಕಗಳಲ್ಲಿ ಬಹುಪಾಲು ಗಾಡಿಗಳ ಹಿಂಚಕ್ರ ಚಾಸಿಗೆ ಬಿಗಿದುಕೊಂಡೇ ಇರುತ್ತಿತ್ತು. ಗುಂಡಿಯ ಪೆಟ್ಟಿಗೆ ಸೀಟಿನ ಸ್ಪ್ರಿಂಗುಗಳೇ ಗತಿ. 1946ರಲ್ಲಿ ಬಂದ ಜೆಕೊಸ್ಲೊವಾಕಿಯಾದ ಜಾವಾ ‘ಪೆರಾಕ್’ನಲ್ಲಿ ಹಿಂಚಕ್ರದ ಅಚ್ಚು ಸ್ಪ್ರಿಂಗುಗಳ ನಡುವೆ ಕೊಂಚ ಮೇಲೆ ಕೆಳಗೆ ಜಾರುತ್ತಿತ್ತು. 1949ರಲ್ಲಿ ಮಾರುಕಟ್ಟೆಗೆ ಬಂದ ರಾಯಲ್ ಎನ್‌ಫೀಲ್ಡ್ ಬುಲೆಟ್ ಮತ್ತು 1950ರ ನಾರ್ಟನ್ ರೇಸ್ ಗಾಡಿ, ತೂಗುವ ತೋಳು ಹಾಗೂ ಎಣ್ಣೆ ತುಂಬಿದ ಜೋಡಿ ಶಾಕ್ ಅಬ್ಸಾರ್ಬರ್‌ಗಳ ಕ್ರಮವನ್ನು ಜನಪ್ರಿಯಗೊಳಿಸಿದವು.

ಇದರೊಳಗಿನ ತತ್ತ್ವ ಸರಳ. ಸ್ಪ್ರಿಂಗ್ ಪೆಟ್ಟನ್ನು ನುಂಗುತ್ತದೆ, ಆದರೆ ನುಂಗಿದ್ದನ್ನು ಹಾಗೆಯೇ ಹಿಂದಕ್ಕೆ ಎಸೆಯುತ್ತದೆ. ಈ ಕುಣಿತವನ್ನು ನಿಲ್ಲಿಸುವುದು ಎಣ್ಣೆ. ಪಿಸ್ಟನ್ನಿನ ಸಣ್ಣ ರಂಧ್ರಗಳಲ್ಲಿ ನುಸುಳುವಾಗ ಚಲನೆಯ ಶಕ್ತಿ ಶಾಖವಾಗಿ ಕರಗುತ್ತದೆ. ಆಯಿಲ್ ಸೀಲ್ ಸವೆದು ಎಣ್ಣೆ ಸೋರಿದರೆ ಚಕ್ರ ನೆಲ ಬಿಟ್ಟು ಪುಟಿಯುತ್ತದೆ. ಬ್ರೇಕಿಗೂ ತಿರುವಿಗೂ ಹಿಡಿತ ಸಿಗದು. ಆದ್ದರಿಂದ ಇದು ಸುಖದ ಮಾತಷ್ಟೇ ಅಲ್ಲ, ಜೀವದ ಮಾತೂ ಹೌದು.

ಮೈಸೂರಿಗೆ ಈ ಕಥೆಯೊಡನೆ ನೇರ ನಂಟಿದೆ. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1960ರ ದಶಕದ ಆರಂಭದಿಂದ ಜಾವಾ, 1973ರಿಂದ ಯೆಜ್ಡಿ ಗಾಡಿಗಳನ್ನು ತಯಾರಿಸಿತು. ಹಳೆಯ ಕಾಲದ ಅನೇಕ ಶಾಕ್ ಅಬ್ಸಾರ್ಬರ್‌ಗಳಂತೆ ಇವುಗಳದ್ದನ್ನೂ ಬಿಚ್ಚಬಹುದಿತ್ತು. ಸ್ಪ್ರಿಂಗನ್ನು ಅದುಮಿ ತೆಗೆದು, ಒಳಭಾಗ ತೊಳೆದು, ಹೊಸ ಸೀಲ್ ಕೂರಿಸಿ, ಅಳತೆಯ ಎಣ್ಣೆ ಹೊಯ್ದರೆ ಮತ್ತೆ ಜೀವ ಬರುತ್ತಿತ್ತು. 1996ರಲ್ಲಿ ಕಾರ್ಖಾನೆ ಮುಚ್ಚಿತು. 2018ರಲ್ಲಿ ಜಾವಾ ಹೆಸರು ಮರಳಿತಾದರೂ ಗಾಡಿ ಬೇರೆಯೇ. ಹಳೆಯ ಗಾಡಿಗಳು ಇನ್ನೂ ಓಡುತ್ತಿದ್ದರೆ ಅದರಲ್ಲಿ ಗ್ಯಾರೇಜಿನವರ ಈ ಕೈಕೆಲಸದ ಪಾಲು ದೊಡ್ಡದು.

ಅಷ್ಟರಲ್ಲಿ ತಯಾರಿಕೆಯ ರೀತಿ ಬದಲಾಗಿತ್ತು. ಕೊಳವೆಯ ಬಾಯನ್ನು ಮಡಿಸಿ ಶಾಶ್ವತವಾಗಿ ಮುಚ್ಚುವುದು ಯಂತ್ರಕ್ಕೆ ಸುಲಭ, ಖರ್ಚೂ ಕಡಿಮೆ. ಕೆಟ್ಟರೆ ಎಸೆದು ಹೊಸದು ಹಾಕುವುದೇ ನಿಯಮವಾಯಿತು. ವಿಚಿತ್ರವೆಂದರೆ 1976ರಲ್ಲಿ ಆರಂಭವಾದ ಸ್ವೀಡನ್ನಿನ ಓಲಿನ್ಸ್‌ನಂಥ ದುಬಾರಿ ತಯಾರಕರು ಮಾತ್ರ ಬಿಚ್ಚಿ ಕಟ್ಟುವ ಸೌಕರ್ಯವನ್ನು ಉಳಿಸಿಕೊಂಡರು. ಬಡವನ ಜಾಣ್ಮೆಯಾಗಿದ್ದ ರಿಪೇರಿ ಸಿರಿವಂತನ ಸವಲತ್ತಾಯಿತು!

ಹಾಗೆಂದು ಎಲ್ಲವನ್ನೂ ಬಿಚ್ಚುವುದು ವಿವೇಕವಲ್ಲ. ಸೀಲ್, ಎಣ್ಣೆ ಮಾತ್ರ ಹೋಗಿದ್ದರೆ ರಿಪೇರಿಯೇ ಲೇಸು. ರಾಡ್ ಬಾಗಿದ್ದರೆ ಅಥವಾ ಕೊಳವೆ ಒಳಗೆ ಗೀರಿದ್ದರೆ ಬದಲಿಸುವುದೇ ಸರಿ. ತುಕ್ಕು ತಿಂದ ರಾಡ್ ಹೊಸ ಸೀಲನ್ನೂ ಬೇಗನೆ ಕೊಯ್ಯುತ್ತದೆ. ಒತ್ತಡದ ನೈಟ್ರೋಜನ್ ತುಂಬಿದ್ದನ್ನು ಸಲಕರಣೆಯಿಲ್ಲದೆ ಬಿಚ್ಚುವುದು ಅಪಾಯಕರ. ಯಾವ ದಾರಿ ಹಿಡಿದರೂ ಜೋಡಿಯನ್ನು ಒಟ್ಟಿಗೇ ನೋಡಬೇಕು. ಒಂದು ಬಿಗಿ, ಒಂದು ಸಡಿಲವಾದರೆ ಗಾಡಿ ತೂಗಾಡುತ್ತದೆ.

ಭಾರತ ಸರ್ಕಾರ 2022ರಲ್ಲಿ ‘ರಿಪೇರಿಯ ಹಕ್ಕು’ ಕುರಿತು ಸಮಿತಿ ನೇಮಿಸಿತು. ಅದು ಪರಿಗಣಿಸಿದ ಕ್ಷೇತ್ರಗಳಲ್ಲಿ ವಾಹನವೂ ಒಂದು. ಆದರೆ ಹಕ್ಕು ಕಾಗದದ ಮೇಲೆ ಬಂದರೆ ಸಾಲದು. ಬಿಚ್ಚಲು ಬರುವ ವಸ್ತುವೂ ಬೇಕು, ಬಿಚ್ಚಲು ಬಲ್ಲ ಕೈಯೂ ಬೇಕು. ವಸ್ತುವನ್ನು ಕಾರ್ಖಾನೆ ಮತ್ತೆ ತಯಾರಿಸಬಲ್ಲದು. ಕಲಿಯುವವರಿಲ್ಲದೆ ಹೋದ ಕೈಕಸುಬನ್ನು ಮರಳಿ ತರುವುದು ಅಷ್ಟು ಸುಲಭವಲ್ಲ.