ಹಳೆಯ ಕಾರಿಗೆ ಎಷ್ಟು ದಪ್ಪದ ತೇಪೆ?

ಹರಿದ ಬಟ್ಟೆಗೆ ತೇಪೆ ಹಾಕುವವರು ಬಣ್ಣದ ಜೊತೆಗೆ ಬಟ್ಟೆಯ ದಪ್ಪವನ್ನೂ ನೋಡುತ್ತಾರೆ. ಹಳೆಯ ಕಾರಿನ ತುಕ್ಕು ಹಿಡಿದ ಮೈಗೆ ಹೊಸ ತಗಡು ಬೆಸೆಯುವವರಿಗೂ ಇದೇ ಚಿಂತೆ. ತಗಡಿನ ದಪ್ಪ ಎಷ್ಟಿರಬೇಕು? ಪ್ರಶ್ನೆ ಚಿಕ್ಕದು; ಅದರ ಹಿಂದಿನ ಚರಿತ್ರೆ ಉದ್ದವಾದದ್ದು.

ಮೋಟಾರು ಯುಗದ ಆರಂಭದಲ್ಲಿ ಕಾರಿನ ಮೈ ಕುದುರೆಗಾಡಿಯಂತೆ ಮರದ ಚೌಕಟ್ಟಿನದಾಗಿತ್ತು. ಅದಕ್ಕೆ ಹೊದಿಸಿದ ತಗಡು ಭಾರ ಹೊರಬೇಕಿರಲಿಲ್ಲ. 1910ರ ದಶಕದಲ್ಲಿ ಅಮೆರಿಕದ ಎಡ್ವರ್ಡ್ ಬಡ್ ಅವರ ಕಂಪನಿ ಪೂರ್ಣ ಉಕ್ಕಿನ ಮೈಯನ್ನು ಬಳಕೆಗೆ ತಂದಿತು. 1934ರಲ್ಲಿ ಬಂದ ಫ್ರಾನ್ಸಿನ ಸಿಟ್ರೊಯೆನ್ ಟ್ರಾಕ್ಸಿಯೋ ಅವಾಂ ಕಾರಿಗೆ ಪ್ರತ್ಯೇಕ ಚಾಸಿಸ್ಸೇ ಇರಲಿಲ್ಲ. ಚರ್ಮವಾಗಿದ್ದ ತಗಡು ಎಲುಬೂ ಆಯಿತು.

ಈ ತಗಡನ್ನು ಅಳೆಯುವ ಪದ್ಧತಿ ಮಾತ್ರ ಕಾರಿಗಿಂತ ಹಳೆಯದು. ತಂತಿ ಎಳೆಯುವವರು ಒಂದಕ್ಕಿಂತ ಒಂದು ಕಿರಿದಾದ ರಂಧ್ರಗಳ ಮೂಲಕ ತಂತಿಯನ್ನು ಹಾಯಿಸುತ್ತಿದ್ದರು. ಎಳೆತ ಹೆಚ್ಚಿದಂತೆ ಸಂಖ್ಯೆ ಏರಿತು, ತಂತಿ ತೆಳುವಾಯಿತು. ಗೇಜಿನ ಅಂಕಿ ಹೆಚ್ಚಿದಷ್ಟೂ ತಗಡು ತೆಳ್ಳಗೆ ಎಂಬ ವಿಚಿತ್ರಕ್ಕೆ ಇದೇ ಮೂಲ. ಬ್ರಿಟನ್ 1884ರಲ್ಲಿ ತನ್ನ ಗೇಜಿಗೆ ಕಾನೂನಿನ ಮುದ್ರೆ ಒತ್ತಿತು. ಅಮೆರಿಕವು 1893ರಲ್ಲಿ ಕಬ್ಬಿಣ ಮತ್ತು ಉಕ್ಕಿನ ತಗಡಿಗೆ ತೂಕವನ್ನು ಆಧರಿಸಿದ ಬೇರೊಂದು ಗೇಜನ್ನು ಗೊತ್ತುಮಾಡಿತು. ಅಲ್ಲಿ ಅಲ್ಯೂಮಿನಿಯಮ್ಮಿಗೆ ಮತ್ತೊಂದು ಲೆಕ್ಕ. ಹೀಗಾಗಿ ಅಮೆರಿಕದಲ್ಲಿ 20 ಗೇಜಿನ ಉಕ್ಕು ಸುಮಾರು 0.91 ಮಿಲಿಮೀಟರ್ ಇದ್ದರೆ, ಅದೇ ಅಂಕಿಯ ಅಲ್ಯೂಮಿನಿಯಂ 0.81 ಮಿಲಿಮೀಟರ್ ಮಾತ್ರ. ಅಂಕಿ ಹೇಳಿ ತಗಡು ತರಿಸಿದವರು ಮೋಸಹೋಗುವುದು ಇಲ್ಲಿಯೇ.

ಯುದ್ಧಾನಂತರದ ಬ್ರಿಟಿಷ್ ಮತ್ತು ಅಮೆರಿಕನ್ ಕಾರುಗಳ ಹೊರಮೈ ದುರಸ್ತಿಗೆ ಸಾಮಾನ್ಯವಾಗಿ 0.9 ಅಥವಾ 1 ಮಿಲಿಮೀಟರ್ ಉಕ್ಕು ಹೊಂದುತ್ತದೆ. ಭಾರ ಹೊರುವ ಕಡೆಗಳಿಗೆ 1.2 ಮಿಲಿಮೀಟರ್ ಅಥವಾ ಅದಕ್ಕೂ ದಪ್ಪದ್ದು ಬೇಕಾಗಬಹುದು. ಇಂದಿನ ಕಾರುಗಳಲ್ಲಿ ಸಾಮಾನ್ಯವಾದ 0.7 ಮಿಲಿಮೀಟರ್ ತಗಡು ನೋಟಕ್ಕೆ ಹೆಚ್ಚು ಭಿನ್ನವಲ್ಲ. ಆದರೆ ಬಾಗುವಿಕೆಯನ್ನು ತಡೆಯುವ ಬಿಗುವು ದಪ್ಪದ ಘನಕ್ಕೆ ಅನುಗುಣವಾದದ್ದು. ಆದ್ದರಿಂದ 0.7ರ ಸಪಾಟು ತಗಡಿನ ಬಿಗುವು 0.9ರ ತಗಡಿನ ಅರ್ಧಕ್ಕೂ ಕಡಿಮೆ.

ಹಾಗೆಂದು ದಪ್ಪ ಹೆಚ್ಚಿಸಿದರೆ ಗಟ್ಟಿ ಎಂದೂ ಹೇಳಲಾಗದು. ದಪ್ಪ ತಗಡನ್ನು ಕರಗಿಸುವಷ್ಟು ಶಾಖ ಕೊಟ್ಟರೆ ಪಕ್ಕದ ಹಳೆಯ ತೆಳು ತಗಡು ತೂತಾಗುತ್ತದೆ. ಕಡಿಮೆ ಕೊಟ್ಟರೆ ಬೆಸುಗೆ ಆಳಕ್ಕಿಳಿಯುವುದಿಲ್ಲ. ಮಡ್‌ಗಾರ್ಡಿನ ಉಬ್ಬು ತಗ್ಗುಗಳಿಗೆ ಸುತ್ತಿಗೆಯಿಂದ ರೂಪ ಕೊಡುವುದೂ ಕಷ್ಟ.

ಆದ್ದರಿಂದ ಬಲ್ಲ ಕುಶಲಕರ್ಮಿಗಳು ಗೇಜಿನ ಅಂಕಿಯನ್ನೇ ನೆಚ್ಚಿಕೊಳ್ಳುವುದಿಲ್ಲ. ಬಣ್ಣ ಮತ್ತು ಪುಟ್ಟಿಯನ್ನು ಕೆರೆದು, ತುಕ್ಕು ತಿನ್ನದ, ಹೆಚ್ಚು ಹಿಗ್ಗಿಸದ ಜಾಗದಲ್ಲಿ ಮೈಕ್ರೋಮೀಟರ್ ಇಟ್ಟು ಅಳೆಯುತ್ತಾರೆ. ತುಕ್ಕು ತಿಂದ ಅಂಚನ್ನು ಅಳೆದರೆ ಸಿಗುವುದು ಉಳಿದ ಲೋಹದ ದಪ್ಪವೇ ಹೊರತು ಕಾರ್ಖಾನೆ ಹಾಕಿದ ತಗಡಿನದಲ್ಲ.