ಅಟ್ಟದ ಮೇಲಿನ ಟೀವಿ: ನಾವು ಹೆದರಿದ್ದು ಯಾವುದಕ್ಕೆ?

ಇಯರ್‌ಫೋನ್ ಹಾಕ್ಕೊಂಡು ಇದನ್ನ ಕೇಳ್ತಿದ್ದರೆ, "ಅಷ್ಟೊತ್ತು ಫೋನ್ ಹಿಡೀಬ್ಯಾಡ, ರೇಡಿಯೇಶನ್ ಐತಿ" ಅಂತ ಮನೆಯಲ್ಲಿ ಯಾರೋ ಬೈದಿರಬಹುದು. ಆ ಬೈಗುಳಕ್ಕೂ ಒಂದು ಇತಿಹಾಸ ಇದೆ. ಇವತ್ತಿನ ಕಥೆ ಅದೇ.

1975ರ ಆಗಸ್ಟ್‌ನಿಂದ ಒಂದು ವರ್ಷ, ಉಪಗ್ರಹದ ಮೂಲಕ ಹಳ್ಳಿಗೆ ಟೀವಿ ತೋರಿಸುವ ‘ಸೈಟ್’ ಪ್ರಯೋಗ ನಡೆಯಿತು. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಲ್ಲಿ ರಾಯಚೂರು ಜಿಲ್ಲೆಯ ಹಳ್ಳಿಗಳೂ ಇದ್ದವು. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಆಗ ಅದೇ ಜಿಲ್ಲೆಯ ತಾಲ್ಲೂಕುಗಳು. ಕೊಪ್ಪಳ ಬೇರೆ ಜಿಲ್ಲೆಯಾಗಿದ್ದು 1997ರಲ್ಲಿ.

ಯಲಬುರ್ಗಾದ ನಮ್ಮ ಮನೆಗೆ ಕಲರ್ ಟೀವಿ ಬಂದದ್ದು ತೊಂಬತ್ತರ ದಶಕದಲ್ಲಿ. ನಾನು ಪರದೆಗೆ ಮೂಗು ತಾಗಿಸಿ ಕೂರುತ್ತಿದ್ದೆ. ಅಜ್ಜಿ ಒಳಗಿನಿಂದಲೇ ಕೂಗೋರು: "ಹಿಂದಕ ಸರದ ಕುಂದ್ರೋ, ಕಣ್ಣು ಹೊಕ್ಕಾವು!"

ಆ ಹೆದರಿಕೆ ಬುಡವಿಲ್ಲದ್ದೇನೂ ಅಲ್ಲ. ಹಳೆಯ ಕಲರ್ ಟೀವಿಯೊಳಗೆ 20 ಸಾವಿರ ವೋಲ್ಟ್‌ಗೂ ಹೆಚ್ಚಿನ ವಿದ್ಯುತ್ ಇರುತ್ತಿತ್ತು. ಎಲೆಕ್ಟ್ರಾನ್‌ಗಳು ರಭಸದಿಂದ ಬಡಿದಾಗ ಸ್ವಲ್ಪ ಎಕ್ಸ್-ರೇ ಹುಟ್ಟುತ್ತದೆ. 1967ರಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ಹತ್ತಾರು ಸಾವಿರ ಕಲರ್ ಟೀವಿಗಳಿಂದ ಮಿತಿ ಮೀರಿ ಎಕ್ಸ್-ರೇ ಸೋರುತ್ತಿರೋದು ಗೊತ್ತಾಯಿತು. ಜನ ಗಾಬರಿಯಾದರು. 1968ರಲ್ಲಿ ಅಲ್ಲಿ ಕಾನೂನೇ ಬಂತು. ಟೀವಿಯಿಂದ 5 ಸೆಂಟಿಮೀಟರ್ ದೂರದಲ್ಲಿ ಗಂಟೆಗೆ 0.5 ಮಿಲಿರಾಂಟ್ಜನ್ ಮೀರಬಾರದು ಅಂತ ಮಿತಿಯೂ ಆಯಿತು. ಅಳೆದರು, ತಿದ್ದಿದರು. ಹೆದರಿಕೆ ಮಾತ್ರ ಹಾಗೇ ಉಳಿದು, ನಮ್ಮ ಅಜ್ಜಿಯವರೆಗೂ ಬಂತು.

ಆಮೇಲೆ ಆ ಹೆದರಿಕೆ ಮೊಬೈಲ್ ಮೇಲೆ ತಿರುಗಿತು. ಆದರೆ ಫೋನಿನದು ರೇಡಿಯೋ ತರಂಗ. ಎಕ್ಸ್-ರೇಯಂತೆ ಪರಮಾಣುವಿನಿಂದ ಎಲೆಕ್ಟ್ರಾನ್ ಕಿತ್ತುಹಾಕುವ ಶಕ್ತಿ ಅದಕ್ಕಿಲ್ಲ. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಇದನ್ನು ‘ಕ್ಯಾನ್ಸರ್ ತರಬಹುದಾದ’ 2ಬಿ ಗುಂಪಿಗೆ ಹಾಕಿದ್ದು ನಿಜ. ಅದರ ಅರ್ಥ: ಸಾಕ್ಷ್ಯ ಸೀಮಿತ, ಇನ್ನೂ ನೋಡಬೇಕು. 2012ರ ಸೆಪ್ಟೆಂಬರ್‌ನಿಂದ ಭಾರತದಲ್ಲಿ ಫೋನಿಗೆ ಕಿಲೋಗೆ 1.6 ವ್ಯಾಟ್ ಎಂಬ ಮಿತಿ ಇದೆ. ಸ್ಟಾರ್ ಹ್ಯಾಶ್ 07 ಹ್ಯಾಶ್ ಒತ್ತಿದರೆ ಎಷ್ಟೋ ಫೋನ್‌ಗಳಲ್ಲಿ ಅದರ ಲೆಕ್ಕ ಸಿಗುತ್ತದೆ.

2021ರ ಮೇ ತಿಂಗಳು ನೆನಪಿದೆಯಾ? ಕೊರೊನಾ ಎರಡನೇ ಅಲೆ. ‘5ಜಿ ಟ್ರಯಲ್‌ನಿಂದಲೇ ಜನ ಸಾಯ್ತಿದ್ದಾರೆ’ ಅನ್ನೋ ಸುಳ್ಳು ಸುದ್ದಿ ಹರಿದಾಡುತ್ತಿತ್ತು. ದೇಶದಲ್ಲಿ ಎಲ್ಲೂ 5ಜಿ ಪರೀಕ್ಷೆ ಇನ್ನೂ ಶುರುವೇ ಆಗಿಲ್ಲ ಅಂತ ದೂರಸಂಪರ್ಕ ಇಲಾಖೆ ಮೇ 10ರಂದು ಹೇಳಬೇಕಾಯಿತು.

ಈಗ ಮತ್ತೆ ನಮ್ಮ ಮನೆಗೆ ಬನ್ನಿ. ಹೋದ ವರ್ಷ ಆ ಹಳೆಯ ಟೀವಿಯನ್ನು ಅಟ್ಟದಿಂದ ಇಳಿಸಿದೆವು. ಗುಜರಿಯವನು ತಾಮ್ರಕ್ಕೆ ಮಾತ್ರ ರೊಕ್ಕ ಕೊಡ್ತೀನಿ ಅಂದ. ತಮ್ಮನ ಮಗ ಅಂಗಳದಲ್ಲಿ ಟ್ಯೂಬ್ ಒಡೆಯೋಕೆ ಕಲ್ಲು ಎತ್ತಿದ್ದ. ಯಾರೂ ಬೇಡ ಅನ್ನಲಿಲ್ಲ. ಅವನ ಜೇಬಿನ ಫೋನಿಗೆ ದಿನಾ ಬೈಯೋರೂ ಸುಮ್ಮನೆ ನಿಂತಿದ್ದರು.

ಎಕ್ಸ್-ರೇ ತಡೆಯಲೆಂದೇ ಆ ಗಾಜಿಗೆ ಸೀಸ ಬೆರೆಸಿರುತ್ತಾರೆ. ಒಂದು ದೊಡ್ಡ ಟೀವಿಯಲ್ಲಿ ಕಿಲೋಗೂ ಹೆಚ್ಚು ಸೀಸ ಇರಬಹುದು. ಒಡೆದ ಗಾಜಿನ ಪುಡಿ ಮಣ್ಣಿಗೆ, ಕೈಗೆ, ಬಾಯಿಗೆ ಹೋಗುತ್ತದೆ. ಸೀಸ ಮಕ್ಕಳ ಮೆದುಳಿಗೆ ಹಾನಿ ಮಾಡುತ್ತದೆ, ಇದರಲ್ಲಿ ‘ಬಹುದು’ ಇಲ್ಲ. ಆಫ್ ಮಾಡಿದ ಟೀವಿಯಲ್ಲಿ ಎಕ್ಸ್-ರೇ ಇರಲ್ಲ. ಸೀಸ ಇದ್ದೇ ಇರುತ್ತದೆ.

ಓಡಿಹೋಗಿ ಕಲ್ಲು ಕಸಿದುಕೊಂಡೆ. ಇ-ತ್ಯಾಜ್ಯಕ್ಕೆ ದೇಶದಲ್ಲಿ 2012ರಿಂದಲೇ ನಿಯಮ ಇದೆ. ಅಧಿಕೃತ ಸಂಗ್ರಹಕಾರರಿಗೆ ಕೊಡಬೇಕು. ಅಂಥವರು ಹತ್ತಿರದಲ್ಲಿ ಯಾರಿದ್ದಾರೆ ಅಂತ ಹುಡುಕ್ತಾ ಇದ್ದೀನಿ. ಅಲ್ಲೀವರೆಗೂ ಟೀವಿ ಮತ್ತೆ ಅಟ್ಟದ ಮೇಲಿದೆ. ನಿಮ್ಮ ಮನೆಯ ಅಟ್ಟವನ್ನೂ ಒಮ್ಮೆ ನೋಡಿ.