ಕಾಡಿಲ್ಲದ ಹೂವು

ಪುಣೆಯ ಗಣಪತಿಗೆ ಏರುವುದು ಜಾಸ್ವಂದ. ಕೋಲ್ಕತ್ತದ ಕಾಳಿಗೆ ಜಬಾ. ಚೆನ್ನೈನಲ್ಲಿ ಅದು ಸೆಂಪರುತ್ತಿ, ದೆಹಲಿಯಲ್ಲಿ ಗುಡಹಲ್. ಹೈದರಾಬಾದಿಗೆ ಹೊಸದಾಗಿ ಹೋದ ಕನ್ನಡಿಗರು ಹೂವಿನಂಗಡಿಯಲ್ಲಿ ‘ಮಂದಾರ’ ಎಂಬ ಮಾತು ಕೇಳಿ ಬೇರೆಯೇ ಗಿಡವನ್ನು ನೆನೆದುಕೊಳ್ಳುತ್ತಾರೆ. ತೆಲುಗಿನ ಮಂದಾರ ಕನ್ನಡದ ದಾಸವಾಳ. ಸಂಸ್ಕೃತದವರು ಇದನ್ನು ಜಪಾಕುಸುಮ ಎಂದು ಕರೆದು ಉದಯಸೂರ್ಯನ ಬಣ್ಣಕ್ಕೇ ಹೋಲಿಸಿದರು. ಇಷ್ಟು ಭಾಷೆಗಳಲ್ಲಿ ಮನೆ ಮಾಡಿರುವ ಈ ಗಿಡಕ್ಕೆ ಒಂದು ವಿಚಿತ್ರ ಕೊರತೆಯಿದೆ: ಅದಕ್ಕೆ ತನ್ನದೆನ್ನುವ ಕಾಡಿಲ್ಲ.

1753ರಲ್ಲಿ ಸ್ವೀಡನ್ನಿನ ಕಾರ್ಲ್ ಲಿನೇಯಸ್ ಇದಕ್ಕೆ ಹೈಬಿಸ್ಕಸ್ ರೋಸಾ-ಸೈನೆನ್ಸಿಸ್, ಅಂದರೆ ಚೀನಾದ ಗುಲಾಬಿ ಎಂದು ಹೆಸರಿಟ್ಟ. ಆದರೆ ಚೀನಾದ ಕಾಡುಗಳಲ್ಲಿ ಅದು ತಾನಾಗಿ ಬೆಳೆದದ್ದನ್ನು ಯಾರೂ ಕಂಡಿಲ್ಲ. ಭಾರತದ ಕಾಡುಗಳಲ್ಲೂ ಇಲ್ಲ. ಹಿತ್ತಿಲು, ದೇವಸ್ಥಾನದ ಅಂಗಳ, ಬೇಲಿಯ ಸಾಲು, ಇವೇ ಅದರ ನೆಲೆ. ಹಳೆಯ ಕೆಂಪು ದಾಸವಾಳ ಬೀಜ ಕಟ್ಟುವುದು ಬಲು ಅಪರೂಪ. ಆದ್ದರಿಂದ ಊರೂರಲ್ಲಿ ಕಾಣುವ ಗಿಡವೆಲ್ಲ ಯಾರೋ ಒಬ್ಬರು ಇನ್ನೊಬ್ಬರ ಮನೆಯಿಂದ ಗೆಲ್ಲು ಮುರಿದು ತಂದು ನೆಟ್ಟದ್ದು. ಆ ಗೆಲ್ಲಿಗೂ ಹಿಂದೆ ಇನ್ನೊಂದು ಗೆಲ್ಲು. ಹೀಗೆ ಹಿಂದಕ್ಕೆ ಹೋದರೆ ಕೊನೆಗೆ ಸಿಗಬೇಕಾದದ್ದು ಕಾಡುಗಿಡ. ಅದೇ ಸಿಗುವುದಿಲ್ಲ.

ಈ ಒಗಟಿಗೆ ಈಚೆಗೆ ಬಂದಿರುವ ಉತ್ತರ ಪೆಸಿಫಿಕ್ ಸಾಗರದ್ದು. ಲೆಕ್ಸ್ ಥಾಮ್ಸನ್ ಮತ್ತು ಲೂಕಾ ಬ್ರಾಲ್ಯಾ ಎಂಬ ಸಸ್ಯವಿಜ್ಞಾನಿಗಳ ವಾದದಂತೆ ದಾಸವಾಳವೇ ಒಂದು ಪುರಾತನ ಅಡ್ಡತಳಿ. ವನುವಾಟು ದ್ವೀಪಗಳ ಕೂಪೆರಿ ಎಂಬ ಜಾತಿ ಮತ್ತು ತಾಹಿತಿಯ ಕಡೆಯ ಕೌತೆ ಎಂಬ ಜಾತಿ ಇದರ ತಂದೆತಾಯಿ. ಸಾಗರದಲ್ಲಿ ಸಾವಿರಾರು ಮೈಲಿ ದೂರವಿರುವ ಇವೆರಡೂ ಗಾಳಿಯಿಂದಾಗಲಿ ಹಕ್ಕಿಯಿಂದಾಗಲಿ ಕೂಡುವಂತಿರಲಿಲ್ಲ. ಪಾಲಿನೇಷ್ಯದ ನಾವಿಕರು ದೋಣಿಗಳಲ್ಲಿ ಗಿಡ ಒಯ್ದು ಒಂದೇ ಅಂಗಳದಲ್ಲಿ ನೆಟ್ಟಿರಬೇಕು. ಈ ವಾದ ನಿಂತರೆ, ದಾಸವಾಳದ ಮೊದಲ ತಳಿಗಾರರು ಹೆಸರು ಉಳಿಯದ ದ್ವೀಪವಾಸಿಗಳು.

ಹೆಸರು ಉಳಿದ ಮೊದಲಿಗನ ಕತೆ ನಡೆದದ್ದು ಹಿಂದೂ ಮಹಾಸಾಗರದಲ್ಲಿ. ಆ ಹೊತ್ತಿಗೆ ದಾಸವಾಳ ಯುರೋಪಿಗೆ ಹಳೆಯ ಪರಿಚಯ. 17ನೇ ಶತಮಾನದ ಕೊನೆಗೆ ಆಮ್ಸ್ಟರ್‌ಡ್ಯಾಮಿನಲ್ಲಿ ಅಚ್ಚಾದ ‘ಹೋರ್ಟಸ್ ಮಲಬಾರಿಕಸ್’ ಗ್ರಂಥದಲ್ಲಿ ಮಲಬಾರಿನ ಚೆಂಪರತ್ತಿಯ ಚಿತ್ರವಿತ್ತು. ಲಂಡನ್ನಿನ ಚೆಲ್ಸಿ ಔಷಧವನದಲ್ಲಿ ಫಿಲಿಪ್ ಮಿಲ್ಲರ್ 1731ರ ಹೊತ್ತಿಗೆ ಅದನ್ನು ಬೆಳೆಸುತ್ತಿದ್ದ. ಆದರೆ ಬೆಳೆಸುವುದು ಬೇರೆ, ಹೊಸದನ್ನು ಹುಟ್ಟಿಸುವುದು ಬೇರೆ.

ಬೆಲ್ಫಾಸ್ಟಿನಲ್ಲಿ ಹುಟ್ಟಿದ ಚಾರ್ಲ್ಸ್ ಟೆಲ್ಫೇರ್ ಬ್ರಿಟಿಷ್ ನೌಕಾಪಡೆಯ ವೈದ್ಯನಾಗಿದ್ದು, ಆಮೇಲೆ ಮಾರಿಷಸ್ಸಿನಲ್ಲಿ ನೆಲೆಸಿದವನು. ಸುಮಾರು 1820ರಲ್ಲಿ ಅವನು ದಾಸವಾಳವನ್ನು ರೊಡ್ರಿಗಸ್ ದ್ವೀಪದ ಲಿಲಿಫ್ಲೋರಸ್ ಎಂಬ ಜಾತಿಯೊಂದಿಗೆ ಕೂಡಿಸಿದ. ಮಾರಿಷಸ್ಸಿನಿಂದ ಸುಮಾರು 560 ಕಿ.ಮೀ. ಪೂರ್ವಕ್ಕಿರುವ ಆ ಪುಟ್ಟ ದ್ವೀಪ ಬಿಟ್ಟರೆ ಬೇರೆಲ್ಲೂ ಕಾಡಿನಲ್ಲಿ ಬೆಳೆಯದ ಗಿಡ ಅದು. ಹುಟ್ಟಿದ ಅಡ್ಡತಳಿಗಳು ಹಡಗೇರಿ ಇಂಗ್ಲೆಂಡಿನ ರಾಬರ್ಟ್ ಬಾರ್ಕ್ಲೆಯ ತೋಟ ಸೇರಿದವು. ಇಂದು ಜಗತ್ತಿನ ಅಂಗಡಿಗಳಲ್ಲೆಲ್ಲ ತುಂಬಿರುವ ಕ್ಯಾವೆಂಡಿಷ್ ಬಾಳೆಯ ಮೂಲಗಿಡಗಳೂ ಟೆಲ್ಫೇರನಿಂದ ಇದೇ ಬಾರ್ಕ್ಲೆಗೆ ಹೋದವು. ಈ ಸಸ್ಯಪ್ರೇಮಿಗೆ ಇನ್ನೊಂದು ಮುಖವೂ ಇತ್ತು. ಬೆಲ್ ಓಂಬ್ರ್ ಎಂಬಲ್ಲಿ ಅವನ ಕಬ್ಬಿನ ತೋಟದಲ್ಲಿ ದುಡಿಯುತ್ತಿದ್ದವರು ಗುಲಾಮರು. ಅಲ್ಲಿನ ನಡವಳಿಕೆಯನ್ನು ಸಮರ್ಥಿಸಿಕೊಂಡು 1830ರಲ್ಲಿ ಅವನು ಪುಸ್ತಕವನ್ನೇ ಬರೆದ. ಆ ಕಾಲದ ಹೂದೋಟಗಳ ಚರಿತ್ರೆಯಿಂದ ಈ ಪುಟವನ್ನು ಕಿತ್ತುಹಾಕಲು ಬರುವುದಿಲ್ಲ.

ಎರಡು ಬೇರೆ ಜಾತಿಗಳು ಕೂಡಿದ್ದಾದರೂ ಹೇಗೆ? ದಾಸವಾಳದ ಹತ್ತಿರದ ನೆಂಟರು ಹೆಚ್ಚಾಗಿ ದ್ವೀಪಗಳಲ್ಲೇ ಇದ್ದಾರೆ: ಮಾರಿಷಸ್, ರೊಡ್ರಿಗಸ್, ಫಿಜಿ, ಹವಾಯಿ. ಸಮುದ್ರ ಇವರನ್ನು ದೂರವಿಟ್ಟಿತ್ತು, ಸಂಬಂಧ ಮಾತ್ರ ಮುರಿದಿರಲಿಲ್ಲ. ಪೂರ್ವ ಆಫ್ರಿಕಾದ ಕರಾವಳಿಯಿಂದ ಬಂದು 1880ರಲ್ಲಿ ವಿಜ್ಞಾನದ ಪುಸ್ತಕಕ್ಕೆ ಸೇರಿದ, ಸೀಳಿದ ದಳಗಳ, ಜುಮಕಿಯಂತೆ ತಲೆಕೆಳಗಾಗಿ ತೂಗುವ ದಾಸವಾಳವೂ ಇದೇ ಬಳಗದ್ದು. ಇವರೆಲ್ಲ ಒಟ್ಟಿಗೆ ಸೇರಿದ್ದು 20ನೇ ಶತಮಾನದ ಆರಂಭದಲ್ಲಿ, ಹವಾಯಿಯಲ್ಲಿ.

ಹೊನೊಲುಲುವಿನ ಗೆರಿಟ್ ವೈಲ್ಡರ್ ಮತ್ತು ಅವರ ಓರಗೆಯ ಹವ್ಯಾಸಿಗಳು ಹವಾಯಿ ಕಾಡುಗಳ ಬಿಳಿ ದಾಸವಾಳವನ್ನು ಏಷ್ಯಾದ ಕೆಂಪು, ಆಫ್ರಿಕಾದ ಜುಮಕಿಗಳೊಂದಿಗೆ ಕೂಡಿಸತೊಡಗಿದರು. ಆ ಬಿಳಿಯದಕ್ಕೆ ನವಿರಾದ ಪರಿಮಳವಿತ್ತು. ಹಳೆಯ ಕೆಂಪಿಗೆ ಅದಿಲ್ಲ. ಕೆಲವೇ ವರ್ಷಗಳಲ್ಲಿ ಕೇಸರಿ, ಹಳದಿ, ನಸುಗೆಂಪು, ನಡುವೆ ಕಡುಗೆಂಪು ಕಣ್ಣಿರುವ ಬಿಳಿ, ಹೀಗೆ ಬಣ್ಣಗಳ ಸಂತೆಯೇ ನೆರೆಯಿತು. 1913ರಲ್ಲಿ ಅಲ್ಲಿನ ಕೃಷಿ ಪ್ರಯೋಗ ಕೇಂದ್ರ ಅಲಂಕಾರದ ದಾಸವಾಳಗಳ ಬಗ್ಗೆಯೇ ಒಂದು ಪುಸ್ತಿಕೆ ತಂದಿತು. 1923ರಲ್ಲಿ ದಾಸವಾಳ ಹವಾಯಿಯ ಅಧಿಕೃತ ಹೂವಾಯಿತು. 1950ರಲ್ಲಿ ಅಮೆರಿಕನ್ ಹೈಬಿಸ್ಕಸ್ ಸೊಸೈಟಿ ಹುಟ್ಟಿತು. ಈ ಚರಿತ್ರೆಯಲ್ಲಿ ಹವ್ಯಾಸಿಗಳ ಪಾಲು ದೊಡ್ಡದು.

ಅದಕ್ಕೆ ಕಾರಣ ಕೆಲಸದ ಸರಳತೆ. ದಾಸವಾಳದ ನಡುವಿನ ಉದ್ದನೆಯ ಕಂಬದ ಮೈಮೇಲೆ ಪರಾಗವಿದೆ, ತುದಿಯಲ್ಲಿ ಐದು ಪುಟ್ಟ ಗುಂಡುಗಳಿವೆ. ಬೆಳಿಗ್ಗೆ ಹೂ ಅರಳುತ್ತಲೇ ಒಂದರ ಪರಾಗವನ್ನು ಇನ್ನೊಂದರ ಗುಂಡುಗಳಿಗೆ ಸವರಿ, ತೊಟ್ಟಿಗೆ ಚೀಟಿ ಕಟ್ಟಿದರಾಯಿತು. ಹೂವಿಗೆ ಆಯಸ್ಸು ಸಾಮಾನ್ಯವಾಗಿ ಒಂದೇ ದಿನ. ಕೂಡಿಕೆ ಫಲಿಸಿದರೆ ಕೆಲವು ವಾರಗಳಲ್ಲಿ ಕಾಯಿ ಬಲಿಯುತ್ತದೆ. ಆಮೇಲೆ ಬೇಕಾದದ್ದು ತಾಳ್ಮೆ. ಒಂದೇ ಕಾಯಿಯ ಬೀಜಗಳಲ್ಲಿ ಒಂದರಂತೆ ಇನ್ನೊಂದಿಲ್ಲ. ದಾಸವಾಳದ ಜೀವಕೋಶದಲ್ಲಿ ಕ್ರೋಮೋಸೋಮುಗಳ ಕಟ್ಟು ಎರಡಕ್ಕೆ ನಿಲ್ಲದೆ ಹಲವಾಗಿರುವುದರಿಂದ, ಯಾವ ಅಜ್ಜಿಯ ಬಣ್ಣ ಯಾವ ಮೊಮ್ಮಗಳಲ್ಲಿ ಹೊರಬಂದೀತು ಎಂದು ಮೊದಲೇ ಹೇಳಲಾಗದು. ಸಸಿ ಮೊದಲ ಹೂ ಬಿಡಲು ವರ್ಷವೋ ಎರಡೋ ಬೇಕು. ಬಹುಪಾಲು ಸಸಿಗಳು ಗೊಬ್ಬರದ ಗುಂಡಿ ಸೇರುತ್ತವೆ. ಮೆಚ್ಚುಗೆಯಾದ ಒಂದೆರಡಕ್ಕೆ ಹೆಸರು ಸಿಗುತ್ತದೆ. ಆ ಸುಂದರಿಯ ಬೇರು ಹಲವು ಸಲ ಬಡಕಲು. ಹಾಗಾಗಿ ಅದನ್ನು ಗಟ್ಟಿಮುಟ್ಟಾದ ಹಳೆಯ ದಾಸವಾಳದ ಬುಡಕ್ಕೆ ಕಸಿ ಕಟ್ಟುತ್ತಾರೆ.

ಕರ್ನಾಟಕಕ್ಕೂ ಈ ಕತೆಯಲ್ಲಿ ಒಂದು ಅಧ್ಯಾಯವಿದೆ. ಬೆಂಗಳೂರಿನ ಹೊರವಲಯದ ಹೆಸರಘಟ್ಟದಲ್ಲಿ 1967ರಲ್ಲಿ ಆರಂಭವಾದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ದಾಸವಾಳದ ಅನೇಕ ಹೊಸ ತಳಿಗಳನ್ನು ಹೊರತಂದಿತು. ಭಾರತ್ ಸುಂದರಿ, ಚಿತ್ರಲೇಖಾ, ನರ್ತಕಿ, ಫುಲ್ಕಾರಿ, ಬೆನಜೀರ್, ಟ್ರೈಬಲ್ ಕ್ವೀನ್, ಹಾಗೆಯೇ ಊರಿನ ಹೆಸರನ್ನೇ ಹೊತ್ತ ಕ್ವೀನ್ ಆಫ್ ಹೆಸರಘಟ್ಟ. ಪಟ್ಟಿ ಓದಿದರೆ ಹೂವಿನ ಪಟ್ಟಿಯೋ, ಹಳೆಯ ಸಿನಿಮಾ ಪೋಸ್ಟರುಗಳೋ ಎನಿಸುತ್ತದೆ.

ಆದರೆ ಹೆಸರು ಪಟ್ಟಿಯಲ್ಲಿ ಉಳಿಯುವುದು ಬೇರೆ, ಗಿಡ ನೆಲದಲ್ಲಿ ಉಳಿಯುವುದು ಬೇರೆ. ಅಡ್ಡತಳಿಯ ಬೀಜ ಬಿತ್ತಿದರೆ ಅದೇ ತಳಿ ಬರುವುದಿಲ್ಲ. ಗೆಲ್ಲು ನೆಡುವ, ಕಸಿ ಕಟ್ಟುವ ಕೈ ಇರುವ ತನಕ ಮಾತ್ರ ಅದಕ್ಕೆ ಆಯಸ್ಸು. ನರ್ಸರಿಯಲ್ಲಿ ಚೀಟಿ ಕಳೆದುಹೋದರೆ ನರ್ತಕಿ ಬರೀ ‘ಹೈಬ್ರಿಡ್ ದಾಸವಾಳ’. ಆಮೇಲೆ ಒಂದು ಬೇಸಗೆ ನೀರು ತಪ್ಪಿದರೆ ಅದೂ ಇಲ್ಲ.

ಇದಕ್ಕಿಂತ ಕಠಿಣವಾದ ಲೆಕ್ಕ ದ್ವೀಪಗಳಲ್ಲಿದೆ. ಟೆಲ್ಫೇರ್ ಪರಾಗ ಬೆರೆಸಿದ ಲಿಲಿಫ್ಲೋರಸ್ ಇಂದು ರೊಡ್ರಿಗಸ್ಸಿನ ಕಾಡಿನಲ್ಲಿ ಬೆರಳೆಣಿಕೆಯಷ್ಟೇ. ಬೆಂಕಿ, ಕೊಡಲಿ, ಮೇಕೆಗಳು ಆ ಕಾಡನ್ನು ತಿಂದುಹಾಕಿದವು. ಮಾರಿಷಸ್ಸಿನ ಬೆಟ್ಟಗಳ ಮ್ಯಾಂಡ್ರಿನೆಟ್ ಎಂಬ ಇನ್ನೊಂದು ನೆಂಟನದೂ ಅದೇ ಪಾಡು. ಅದಕ್ಕಿರುವ ಅಪಾಯಗಳಲ್ಲಿ ತೋಟದ ದಾಸವಾಳವೂ ಒಂದು. ಇದರ ಪರಾಗ ಅದಕ್ಕೆ ತಗುಲಿದರೆ ಹುಟ್ಟುವುದು ಬೆರಕೆ ಸಂತಾನ, ಕಾಡುಗಿಡದ ಶುದ್ಧ ವಂಶ ಕರಗುತ್ತದೆ. ಹವಾಯಿ 1988ರಲ್ಲಿ ತನ್ನ ರಾಜ್ಯಪುಷ್ಪವನ್ನು ಅಲ್ಲಿನದೇ ಕಾಡಿನ ಹಳದಿ ಹೈಬಿಸ್ಕಸ್ ಎಂದು ನಿಗದಿಪಡಿಸಿತು. ಅದೂ ಅಳಿವಿನಂಚಿನ ಗಿಡವೇ.

ತೋಟಗಳಲ್ಲಿ ಮಕ್ಕಳು ಸಾವಿರಾರು, ಕಾಡಿನಲ್ಲಿ ಹೆತ್ತವರಿಗೆ ನೆಲೆಯಿಲ್ಲ. ತಳಿಗಾರರಿಗೂ ಇದು ನಷ್ಟವೇ. ಮುಂದೆ ಪರಿಮಳವೋ, ಹೊಸ ಬಣ್ಣವೋ, ರೋಗ ತಡೆಯುವ ಶಕ್ತಿಯೋ ಬೇಕಾದಾಗ ಹುಡುಕಿಕೊಂಡು ಹೋಗಬೇಕಾದದ್ದು ಆ ಕಾಡುಗಿಡಗಳ ಬಳಿಗೇ.

ಹಳೆಯ ಕೆಂಪು ದಾಸವಾಳ ಮಾತ್ರ ಈ ಯಾವ ಗೊಡವೆಯೂ ಇಲ್ಲದಂತೆ ಅರಳುತ್ತದೆ. ಬೀಜವಿಲ್ಲದೆ, ಕಾಡಿಲ್ಲದೆ ಅದು ಇಷ್ಟು ಕಾಲ ಉಳಿದು ಬಂದದ್ದು ಒಂದೇ ಒಂದು ಬಲದಿಂದ: ಪಕ್ಕದ ಮನೆಯವರು ಕೇಳಿದಾಗ ಒಂದು ಗೆಲ್ಲು ಮುರಿದು ಕೊಡುವ ರೂಢಿಯಿಂದ.